ಬಾಗಿಲು ತಟ್ಟುವ ಮುನ್ನ

"ಮನೆಯಲ್ಲೇ ಇದ್ದೀಯಲ್ಲ, ಒಂದು ಲೋಟ ಕಾಫಿ ಮಾಡಿಕೊಡು." ಈ ಮಾತನ್ನು ನಲವತ್ತು ವರ್ಷ ಕೇಳಿಸಿಕೊಂಡವಳು ನಾನು. ಅದನ್ನೇ ಒಂದು ದಿನ ನಾನೂ ಆಡಿಬಿಡುತ್ತೇನೆಂದು ಎಣಿಸಿರಲಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾಗುವ ನಾಲ್ಕು ದಿನ ಮೊದಲೇ ಮಗ, ಸೊಸೆ ಎರಡು ವರ್ಷದ ಮಗುವನ್ನೆತ್ತಿಕೊಂಡು ಬೆಂಗಳೂರಿನಿಂದ ನಾರ್ವೆಗೆ ಬಂದರು. ಜಗಲಿಯ ಪಕ್ಕದ ಕೋಣೆ ಮಗನ ಕಚೇರಿಯಾಯಿತು, ಅಡುಗೆಮನೆಯ ಪಕ್ಕದ್ದು ಸೊಸೆಯದು. ಮೊದಮೊದಲು ಸಿಗ್ನಲ್ ಹುಡುಕಿಕೊಂಡು ಹಿಂದಿನ ಗುಡ್ಡ ಹತ್ತುತ್ತಿದ್ದರು. ಮಲೆನಾಡಿನ ಮಕ್ಕಳೆಲ್ಲ ಆ ಮಳೆಗಾಲ ಕೊಡೆ ಹಿಡಿದು ಗುಡ್ಡದ ಮೇಲೆ ಪಾಠ ಕೇಳಿದ್ದು ನಿಮಗೂ ನೆನಪಿರಬಹುದು. ಆಮೇಲೆ ಮನೆಗೇ ಇಂಟರ್ನೆಟ್ ತಂತಿ ಬಂತು.

ನನಗಂತೂ ಹಬ್ಬ. ಮೊಮ್ಮಗು ಅಂಗಳದಲ್ಲಿ ಓಡಾಡಿತು. ಅವರಿಗೆ ಬೆಂಗಳೂರಿನ ಬಾಡಿಗೆ ಉಳಿಯಿತು, ಟ್ರಾಫಿಕ್ಕಿನಲ್ಲಿ ಕಳೆಯುತ್ತಿದ್ದ ಗಂಟೆಗಳು ಉಳಿದವು. ಕಂಪನಿಗೂ ನಷ್ಟವಿಲ್ಲ, ಕರೆಂಟು ನಮ್ಮದು, ಇನ್ವರ್ಟರು ನಮ್ಮದು, ಕಾಫಿಪುಡಿಯೂ ನಮ್ಮದೇ. ಆದರೆ ಕಚೇರಿಗೆ ಇದ್ದ ಮನೆಗೆ ಹೋಗುವ ಹೊತ್ತು ಎಂಬುದು ಇಲ್ಲಿ ಇರಲಿಲ್ಲ. ರಾತ್ರಿ ಹತ್ತಕ್ಕೂ ಕರೆ ಬರುತ್ತಿತ್ತು. ಹೊಸದಾಗಿ ಸೇರಿದವರಿಗೆ ಪಕ್ಕದಲ್ಲಿ ಕೂತು ಹೇಳಿಕೊಡುವವರಿಲ್ಲ ಎಂದು ಮಗ ಹೇಳುತ್ತಿದ್ದ. ಕಣ್ಣಿಗೆ ಬೀಳದವರು ಬಡ್ತಿಯ ಹೊತ್ತಿಗೆ ಮರೆತುಹೋಗುತ್ತಾರೆ ಎಂಬ ಅಳುಕು ಸೊಸೆಗೆ.

2021ರ ನವೆಂಬರ್, ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ನಾಲ್ಕೈದು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಆ ಹೊತ್ತಿಗೆ ಕೊಪ್ಪದಿಂದ ನೆಂಟರು ಬಂದರು. ಮಗು ನನ್ನ ತೊಡೆಯ ಮೇಲೆ ನಿದ್ದೆಹೋಗಿತ್ತು. ಮಗನ ಬಾಗಿಲು ಮುಚ್ಚಿತ್ತು, ಅದನ್ನು ತಟ್ಟುವ ಯೋಚನೆಯೇ ನನಗೆ ಬರಲಿಲ್ಲ. ಸೊಸೆಯ ಬಾಗಿಲೂ ಮುಚ್ಚಿತ್ತು, ಅದನ್ನು ತಟ್ಟಿದೆ. ಅವಳು ನಗುತ್ತಲೇ ಬಂದು ಕಾಫಿ ಮಾಡಿಕೊಟ್ಟು ಒಳಗೆ ಹೋದಳು.

ರಾತ್ರಿ ಹನ್ನೊಂದಾದರೂ ಅವಳ ಕೋಣೆಯ ದೀಪ ಉರಿಯುತ್ತಿತ್ತು. "ಇನ್ನೂ ಮಲಗಿಲ್ವೇನೇ?" ಎಂದೆ. "ಮಧ್ಯಾಹ್ನ ನಾನು ಎದ್ದು ಬಂದಾಗಲೇ ನನ್ನ ಸರದಿ ಬಂದಿತ್ತು ಅತ್ತೆ. ಆ ಕೆಲಸ ಬೇರೆಯವರಿಗೆ ಹೋಯಿತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ನಿದ್ದೆ ಬರುತ್ತಿತ್ತೇನೋ.

ಮಲಗಿದಲ್ಲೇ ಒಂದು ಮಾತು ಹೊಳೆಯಿತು. ಅದೇ ಮಧ್ಯಾಹ್ನ ಅಂಗಳದಲ್ಲಿ ಸುಲಿಯುತ್ತಿದ್ದ ಹೆಂಗಸರನ್ನು ಯಾರಾದರೂ ಕಾಫಿ ಮಾಡಲು ಎಬ್ಬಿಸಿದರೇ? ಇಲ್ಲ. ನಾವೇ ಅವರಿಗೆ ಕಾಫಿ ಕೊಟ್ಟೆವು. ಅವರ ಮುಂದೆ ಸುಲಿದ ಅಡಿಕೆಯ ರಾಶಿಯಿತ್ತು, ಅಳೆದು ಕೂಲಿ ಕೊಡಬೇಕಿತ್ತು. ಸೊಸೆಯ ಕೆಲಸಕ್ಕೆ ಕಣ್ಣಿಗೆ ಕಾಣುವ ರಾಶಿಯಿಲ್ಲ. ಮನೆಯಲ್ಲಿದ್ದವಳು ಕೈಗೆ ಸಿಗುವವಳು ಎಂದು ನಾವು ತಿಳಿದುಕೊಂಡಿದ್ದೇವೆ.

ಮನೆಯಲ್ಲಿ ಕೂತು ದುಡಿಯುವುದು ಹೆಂಗಸರಿಗೆ ಹೊಸತಲ್ಲ. ಘಟ್ಟದ ಕೆಳಗೆ ಬೀಡಿ ಕಟ್ಟುವವರನ್ನು ನೋಡಿ. ಮನೆಯಲ್ಲಿ ಬೀಡಿ ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಕಾನೂನು ಒಪ್ಪಿತು. ಹೆರಿಗೆ ರಜೆ ಮುಗಿದ ಮೇಲೆ, ಕೆಲಸದ ಸ್ವರೂಪಕ್ಕೆ ಹೊಂದಿದರೆ, ಕಂಪನಿಯೊಡನೆ ಮಾತಾಡಿಕೊಂಡು ತಾಯಿ ಮನೆಯಿಂದಲೇ ದುಡಿಯಬಹುದು ಎಂದು 2017ರ ತಿದ್ದುಪಡಿ ಹೇಳಿತು. ಕಾನೂನು ಕಂಪನಿಯ ಬಾಗಿಲನ್ನು ತೆರೆಯಿಸಬಹುದು. ಮನೆಯೊಳಗಿನ ಕೋಣೆಯ ಬಾಗಿಲನ್ನು ಮುಚ್ಚಿರಲು ಬಿಡಬೇಕಾದವರು ನಾವೇ ತಾನೆ?

ಈಗ ಕಚೇರಿ ಮತ್ತೆ ಕರೆದಿದೆ. ಇಬ್ಬರೂ ತಿಂಗಳಿಗೊಂದು ವಾರ ಮಾತ್ರ ಬರುತ್ತಾರೆ. ಆ ವಾರ ಎರಡು ಬಾಗಿಲನ್ನೂ ಯಾರೂ ತಟ್ಟುವುದಿಲ್ಲ. ನೆಂಟರು ಬಂದರೆ ನಮ್ಮವರೇ ಕಾಫಿ ಮಾಡುತ್ತಾರೆ. ಸಕ್ಕರೆ ಕೊಂಚ ಜಾಸ್ತಿ.

ಮೊನ್ನೆ ಸೊಸೆ ಕೇಳಿದಳು: "ನಾವು ಕೋಣೆ ಸೇರಿದ ಮೇಲೆ ಮಗುವನ್ನು ನೋಡಿಕೊಂಡಿರಲ್ಲ, ಅದು ಯಾರ ಲೆಕ್ಕಕ್ಕೆ ಅತ್ತೆ?" ನನಗೆ ಉತ್ತರ ತೋಚಲಿಲ್ಲ. ನಮ್ಮ ಅಡುಗೆಮನೆಗೆ ಬಾಗಿಲೇ ಇಲ್ಲವೆಂಬುದನ್ನು ನಾನು ಗಮನಿಸಿದ್ದು ಅಂದೇ.