ಮುಚ್ಚಿದ ನಾಳವೂ ವೈದ್ಯನ ಧರ್ಮವೂ

ಮಾಡಬಲ್ಲುದನ್ನೆಲ್ಲ ಮಾಡಲೇಬೇಕೆ ಎಂಬುದು ನೀತಿವಿಚಾರದ ಹಳೆಯ ಪ್ರಶ್ನೆಗಳಲ್ಲೊಂದು. ಮನುಷ್ಯನ ಶಕ್ತಿಯು ಅಲ್ಪವಾಗಿದ್ದ ಕಾಲದಲ್ಲಿ ಇದು ಅಷ್ಟಾಗಿ ಬಾಧಿಸುತ್ತಿರಲಿಲ್ಲ. ಕೈಲಾದುದೇ ಸ್ವಲ್ಪವಾದುದರಿಂದ ಅದನ್ನು ಮಾಡಿದರೆ ಕರ್ತವ್ಯವು ತೀರುತ್ತಿತ್ತು. ವಿಜ್ಞಾನವು ಕೈಗೆ ಬಲ ತಂದಂತೆಲ್ಲ ಪ್ರಶ್ನೆಯು ತೀಕ್ಷ್ಣವಾಗಿದೆ. ಹೃದಯಾಘಾತದ ಚಿಕಿತ್ಸೆಯಲ್ಲಿ ಅದು ಇಂದು ಯಾವ ರೂಪದಲ್ಲಿ ನಮ್ಮೆದುರಿಗೆ ನಿಂತಿದೆಯೆಂಬುದನ್ನು ಇಲ್ಲಿ ವಿಚಾರಿಸುವೆವು.

ಹೃದಯವು ಸಕಲ ಅಂಗಗಳಿಗೂ ರಕ್ತವನ್ನು ಹಂಚುವುದಾದರೂ, ತನ್ನ ಪೋಷಣೆಗೆ ಬೇಕಾದ ರಕ್ತವನ್ನು ಮೂರು ಮುಖ್ಯ ನಾಳಗಳಿಂದಲೇ ಪಡೆಯಬೇಕು. ಇವುಗಳಲ್ಲೊಂದು ಹೆಪ್ಪುಗಟ್ಟಿದ ರಕ್ತದಿಂದ ಥಟ್ಟನೆ ಮುಚ್ಚಿದಾಗ ತೀವ್ರವಾದ ಆಘಾತವುಂಟಾಗುತ್ತದೆ. ಆ ನಾಳವನ್ನು ಒಡನೆಯೇ ತೆರೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಂತಹ ರೋಗಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ, ಆಂಜಿಯೋಗ್ರಾಮ್ ಮಾಡುವಾಗ, ಇನ್ನೊಂದು ನಾಳವು ಮೂರು ತಿಂಗಳಿಗೂ ಹಿಂದೆಯೇ, ಒಮ್ಮೊಮ್ಮೆ ವರ್ಷಗಳ ಹಿಂದೆಯೇ, ಪೂರ್ಣವಾಗಿ ಮುಚ್ಚಿರುವುದು ಕಂಡುಬರುತ್ತದೆ. ಇಂದಿನ ಆಘಾತಕ್ಕೆ ಅದು ಕಾರಣವಲ್ಲ.

ಅಂಥವನು ಇಷ್ಟು ಕಾಲ ಬದುಕಿದ್ದುದು ಹೇಗೆ? ನಾರಾಯಣಪುರದ ಎಡದಂಡೆ ಕಾಲುವೆಯ ನೀರನ್ನು ನಂಬಿದ ಸುರಪುರ, ಶಹಾಪುರ ಸೀಮೆಯವರಿಗೆ ಇದನ್ನು ತಿಳಿಯಹೇಳುವುದು ಸುಲಭ. ಒಂದು ಕವಲುಗಾಲುವೆಯು ಹೂಳು ತುಂಬಿ ಎಂದೋ ಮುಚ್ಚಿಹೋಯಿತೆನ್ನೋಣ. ಅದರ ಕೆಳಗಿನ ಹೊಲಗಳು ಪಕ್ಕದ ಕಾಲುವೆಯಿಂದ ಬಸಿದು ಬರುವ ನೀರಿನಲ್ಲಿ ಹೇಗೋ ಹಸಿರನ್ನು ಉಳಿಸಿಕೊಂಡಿರುತ್ತವೆ. ಹೃದಯದಲ್ಲಿಯೂ ನೆರೆಯ ನಾಳಗಳು ಸಣ್ಣ ಕವಲುಗಳನ್ನು ಬೆಳೆಸಿ ಬತ್ತಿದ ಭಾಗವನ್ನು ಸಾಕುತ್ತವೆ. ಒಂದು ದಿನ ಆ ನೆರೆಯ ನಾಳವೇ ಮುಚ್ಚಿದರೆ ಎರಡು ಸೀಮೆಗಳ ಪೈರು ಒಟ್ಟಿಗೆ ಒಣಗುವುದು. ಇಂತಹ ರೋಗಿಗಳಲ್ಲಿ ಮರಣವು ಹೆಚ್ಚಾಗಿರುವುದಕ್ಕೆ ಇದೊಂದು ಕಾರಣ.

ಹೀಗಿರಲು, ಹಳೆಯ ನಾಳವನ್ನೂ ಈಗಲೇ ತೆರೆದುಬಿಡಬಾರದೇಕೆ ಎಂದು ಪೂರ್ವಪಕ್ಷಿಯು ಕೇಳುವನು. ರೋಗಿಯು ಆಸ್ಪತ್ರೆಯಲ್ಲಿಯೇ ಇದ್ದಾನೆ, ವೈದ್ಯನಿಗೆ ವಿದ್ಯೆಯುಂಟು, ತಂತಿಯನ್ನು ತೂರಿಸಿ, ಬಲೂನನ್ನು ಉಬ್ಬಿಸಿ, ಸ್ಟೆಂಟ್ ಇರಿಸುವ ಸಲಕರಣೆಯುಂಟು. ಅಪಾಯವನ್ನು ಕಂಡೂ ಕೈಕಟ್ಟಿ ಕುಳಿತುಕೊಳ್ಳುವುದು ಧರ್ಮವೇ? ಈ ವಾದವು ದಯೆಯಿಂದ ಹುಟ್ಟಿದುದು. ಆದುದರಿಂದ ಅದನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ದಯೆಯೂ ಪರೀಕ್ಷೆಗೆ ಒಳಪಡಬೇಕು. ಎಕ್ಸ್‌ಪ್ಲೋರ್ ಎಂಬ ಹೆಸರಿನ ಪ್ರಯೋಗದಲ್ಲಿ ಇಂತಹ 304 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನವರ ಹಳೆಯ ನಾಳವನ್ನು ತೆರೆಯಲು ಒಂದು ವಾರದೊಳಗಾಗಿ ಯತ್ನಿಸಿದರು. 2016ರಲ್ಲಿ ಅದರ ಫಲವು ಪ್ರಕಟವಾಯಿತು. ನಾಲ್ಕು ತಿಂಗಳ ತರುವಾಯ ಹೃದಯವು ರಕ್ತವನ್ನು ಹೊರದೂಡುವ ಶಕ್ತಿಯು ಎರಡು ಗುಂಪುಗಳಲ್ಲಿಯೂ ಶೇಕಡಾ 44ರ ಆಸುಪಾಸಿನಲ್ಲಿಯೇ ಇದ್ದಿತು. ಹೃದಯದ ಮುಂಭಾಗದ ದೊಡ್ಡ ನಾಳವು ಮುಚ್ಚಿದ್ದವರಲ್ಲಿ ಮಾತ್ರ ಲಾಭದ ಸುಳಿವು ಕಂಡಿತಾದರೂ, ಅದು ಸುಳಿವೇ ಹೊರತು ಸಿದ್ಧಾಂತವಲ್ಲ. ಇದಕ್ಕೂ ಹಿಂದೆ, 2006ರಲ್ಲಿ, ಓಟ್ ಎಂಬ ಪ್ರಯೋಗವು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಆಘಾತಕ್ಕೆ ಕಾರಣವಾದ ನಾಳವನ್ನೇ ಆದರೂ, ರೋಗಿಯು ಸ್ಥಿರನಾಗಿರುವಾಗ ಮೂರು ದಿನಗಳಿಂದ ನಾಲ್ಕು ವಾರಗಳವರೆಗೆ ತಡವಾಗಿ ತೆರೆದರೆ ಮರಣವಾಗಲಿ ಮರುಆಘಾತವಾಗಲಿ ಕಡಿಮೆಯಾಗದೆಂದು ತೋರಿಸಿದ್ದಿತು.

ಇನ್ನೊಂದು ಆಕ್ಷೇಪಣೆಯುಂಟು. 2019ರ ಕಂಪ್ಲೀಟ್ ಪ್ರಯೋಗವು, ಆಘಾತದ ನಾಳದ ಜೊತೆಗೆ ಬಹಳವಾಗಿ ಕಿರಿದಾದ ಇತರ ನಾಳಗಳನ್ನೂ ಸರಿಪಡಿಸುವುದರಿಂದ ಹೃದ್ರೋಗದ ಮರಣ ಅಥವಾ ಮರುಆಘಾತಗಳು ನೂರಕ್ಕೆ ಸುಮಾರು ಹತ್ತೂವರೆಯಿಂದ ಎಂಟರೊಳಕ್ಕೆ ಇಳಿದುವೆಂದು ತೋರಿಸಿತಲ್ಲವೆ? ತೋರಿಸಿತು. ಆದರೆ ಕಿರಿದಾದ ನಾಳದಲ್ಲಿ ಇನ್ನೂ ಹರಿವುಂಟು. ಅದು ನಾಳೆ ಥಟ್ಟನೆ ಮುಚ್ಚಬಹುದು. ಹಿಂದೆಯೇ ಮುಚ್ಚಿದ ನಾಳವು ತನ್ನ ಕೇಡನ್ನು ಬಹುಮಟ್ಟಿಗೆ ಮಾಡಿ ಮುಗಿಸಿದೆ. ಅದನ್ನು ತೆರೆಯುವ ಕೆಲಸವೂ ಕಠಿನತರವಾದುದು: ನಾಳಕ್ಕೆ ತೂತು ಬೀಳುವ ಭಯ, ಬಣ್ಣದ ಔಷಧದಿಂದ ಮೂತ್ರಪಿಂಡಕ್ಕೆ ಆಗುವ ಹಾನಿ, ಕ್ಷಕಿರಣದ ಹೊರೆ ಇವೆಲ್ಲ ಅಲ್ಲಿ ಅಧಿಕ. ಒಂದಕ್ಕೆ ದೊರೆತ ಪ್ರಮಾಣವನ್ನು ಇನ್ನೊಂದಕ್ಕೆ ಎರವಲು ತರುವುದು ತರ್ಕವಲ್ಲ.

ಹಾಗಾದರೆ ಅದನ್ನು ಎಂದಿಗೂ ಮುಟ್ಟಬಾರದೆ? ಹಾಗೂ ಅಲ್ಲ. ತಕ್ಕ ಔಷಧಗಳನ್ನು ಸೇವಿಸಿಯೂ ನಾಲ್ಕು ಹೆಜ್ಜೆ ನಡೆದರೆ ಎದೆನೋವು ಬರುವವನಿಗೆ ನಾಳವನ್ನು ತೆರೆಯುವುದರಿಂದ ನೋವು ತಗ್ಗಿ ಬಾಳು ಹಗುರಾಗುವುದೆಂದು ಯೂರೋ-ಸಿಟಿಒ ಎಂಬ ಪ್ರಯೋಗವು 2018ರಲ್ಲಿ ತಿಳಿಸಿತು. ನೋವನ್ನು ಕಳೆಯುವುದು ಸಣ್ಣ ಪುಣ್ಯವಲ್ಲ. ಆದರೆ ನೋವು ಕಳೆಯುವ ಚಿಕಿತ್ಸೆಯನ್ನು ಪ್ರಾಣ ಉಳಿಸುವ ಚಿಕಿತ್ಸೆಯೆಂಬ ಹೆಸರಿನಿಂದ ಕೊಡಬಾರದು. ಈ ಪ್ರಶ್ನೆಯ ನೈತಿಕ ಮರ್ಮವಿರುವುದು ಇಲ್ಲಿಯೇ.

ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತ ಮನೆಯವರ ಸ್ಥಿತಿಯನ್ನು ನೆನೆಯಿರಿ. “ಇನ್ನೊಂದು ನಾಳ ಪೂರ್ತಿ ಮುಚ್ಚಿದೆ” ಎಂಬ ಮಾತು ಅವರ ಕಿವಿಗೆ ಮರಣಶಾಸನದಂತೆ ಕೇಳಿಸುತ್ತದೆ. 2017ರಲ್ಲಿ ಸರಕಾರವು ಸ್ಟೆಂಟುಗಳ ಬೆಲೆಗೆ ಮಿತಿ ಹಾಕಿತು. 2018ರಿಂದ ಆರೋಗ್ಯ ಕರ್ನಾಟಕದ ನೆರವೂ ಉಂಟು. ಆದರೂ ಭಯಗೊಂಡ ಮಗನು ಎರಡೆಕರೆ ಹೊಲವನ್ನು ಒತ್ತೆಯಿಡಲು ಒಂದು ಗಳಿಗೆ ಸಾಕು. ಆಗ ವೈದ್ಯನು, “ಇದು ಇಂದಿನದಲ್ಲ, ಹಳೆಯದು, ಅವಸರವಿಲ್ಲ. ಔಷಧ ನಡೆಯಲಿ, ತಂಬಾಕು ನಿಲ್ಲಲಿ, ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಹಿಡಿತದಲ್ಲಿರಲಿ, ನೋವು ಉಳಿದರೆ ವಿಚಾರಿಸೋಣ” ಎಂದು ಹೇಳಿದರೆ, ಆ ಮಾತೂ ಚಿಕಿತ್ಸೆಯೇ. ಅದನ್ನು ನುಡಿಯಲು ತಂತಿ ತೂರಿಸುವುದಕ್ಕಿಂತ ಕಡಿಮೆಯ ಧೈರ್ಯ ಸಾಲದು. ಏಕೆಂದರೆ ಮಾಡಿ ಸೋತವನನ್ನು ಲೋಕವು ಕ್ಷಮಿಸುತ್ತದೆ, ಮಾಡದೆ ಸೋತವನನ್ನು ಕ್ಷಮಿಸುವುದಿಲ್ಲ.

ನಮ್ಮ ಸೀಮೆಗೆ ಇದರಲ್ಲಿ ಇನ್ನೊಂದು ಪಾಠವುಂಟು. ಸುರಪುರದಿಂದ ಜಯದೇವ ಹೃದ್ರೋಗ ಸಂಸ್ಥೆಯ ಕಲಬುರಗಿ ಆಸ್ಪತ್ರೆಗೆ ಸುಮಾರು ನೂರು ಕಿಲೋಮೀಟರು. ಹೊಸದಾಗಿ ಮುಚ್ಚಿದ ನಾಳದ ಹಿಂದಿನ ಮಾಂಸಖಂಡವು ನಿಮಿಷ ನಿಮಿಷಕ್ಕೂ ಸಾಯುತ್ತಿರುವಾಗ ಈ ದಾರಿಯೇ ದೊಡ್ಡ ರೋಗ. ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡಬೇಕೆಂಬ ಉದ್ದೇಶದಿಂದ 2023ರಲ್ಲಿ ಆರಂಭವಾದ ಪುನೀತ್ ರಾಜಕುಮಾರ್ ಹೃದಯಜ್ಯೋತಿ ಯೋಜನೆಯ ಬೆಲೆಯು ಇಲ್ಲಿ ತಿಳಿಯುತ್ತದೆ. ಎದೆ ಹಿಡಿದಾಗ ವಾಯುವೆಂದು ಬಗೆದು ಇರುಳೆಲ್ಲ ಓಮದ ನೀರು ಕುಡಿಸುತ್ತ ಕೂತು, ತಿಂಗಳ ಮೇಲೆ ಹಳೆಯ ನಾಳಕ್ಕಾಗಿ ಪಟ್ಟಣಗಳನ್ನು ಸುತ್ತುವುದು, ಅವಸರವನ್ನು ತಾಳ್ಮೆಯ ಸ್ಥಳದಲ್ಲಿಯೂ ತಾಳ್ಮೆಯನ್ನು ಅವಸರದ ಸ್ಥಳದಲ್ಲಿಯೂ ಇಟ್ಟಂತೆ.

ಆದುದರಿಂದ ಮುಚ್ಚಿದೆ ಎಂಬುದೊಂದೇ ತೆರೆಯಲು ಸಾಕಾದ ಕಾರಣವಲ್ಲ. ತೆರೆದರೆ ಈ ಮನುಷ್ಯನಿಗೆ ಆಗುವ ಹಿತವೇನು ಎಂಬ ಪ್ರಶ್ನೆಗೆ ಉತ್ತರವಿರಬೇಕು. ಆ ಉತ್ತರವನ್ನು ಅವನಿಗೂ ಅವನ ಮನೆಯವರಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕು. ಹೊಸ ಗಾಯಕ್ಕೆ ಓಡುವುದೂ ಹಳೆಯ ಗಾಯದ ಮುಂದೆ ನಿಂತು ಯೋಚಿಸುವುದೂ ಒಂದೇ ದಯೆಯ ಎರಡು ನಡೆಗಳು. ಎರಡನ್ನೂ ಬಲ್ಲ ವೈದ್ಯನು ದೊರೆತ ರೋಗಿಯೇ ಭಾಗ್ಯವಂತನು.