ಎಳೆಯರಿಗೆ ಹೇಳಬೇಕಾದ ವೃತ್ತಾಂತ

ಹಿಂಸೆಯ ವೃತ್ತಾಂತವನ್ನು ಎಳೆಯರಿಗೆ ಹೇಳುವುದು ಉಚಿತವೇ ಎಂದು ಚಾಮರಾಜನಗರ, ಗುಂಡ್ಲುಪೇಟೆಗಳ ಶ್ರಾವಕ ಕುಟುಂಬಗಳು ಸಂಕೋಚಪಡುವುದು ಸಹಜ. ನಾಜಿಗಳು ಕೊಂದ ಯಹೂದಿ ಮಕ್ಕಳು ಸುಮಾರು 15 ಲಕ್ಷ. ಈ ಅಂಕಿ ವರ್ತಕನ ಲೆಕ್ಕಕ್ಕೇ ನಿಲುಕದು, ಬಾಲಕರಿಗೆ ಹೇಗೆ ನಿಲುಕೀತು? ಆದುದರಿಂದ ಅವರ ಬದುಕಿನಿಂದಲೇ ಆರಂಭಿಸುವುದು ಯುಕ್ತ.

ಗೋಡೆ ಕಟ್ಟಿ ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಕೇರಿಯಲ್ಲಿ ಅನಾಥಾಲಯ ನಡೆಸುತ್ತಿದ್ದ ವೈದ್ಯ ಯಾನುಷ್ ಕೊರ್ಚಾಕ್ ಅವರು 1942ರ ಜುಲೈ 18ರಂದು ಮಕ್ಕಳಿಂದ ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನು ಆಡಿಸಿದರು. ಹೊರಗೆ ಹೋಗಲಾರದ ರೋಗಿ ಬಾಲಕ ಅಮಲನು ಕಿಟಕಿಯಲ್ಲಿ ಕುಳಿತು ಮೊಸರು ಮಾರುವವನೊಡನೆ ಮಾತನಾಡುವುದು ಗುಂಡ್ಲುಪೇಟೆಯ ಮಗುವಿಗೂ ಅರ್ಥವಾದೀತು. ಆಗಸ್ಟ್ ಆರಂಭದಲ್ಲಿ ಸುಮಾರು 200 ಮಕ್ಕಳನ್ನು ತ್ರೆಬ್ಲಿಂಕಾಕ್ಕೆ ಒಯ್ದು ಕೊಂದರು. ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಕೊರ್ಚಾಕ್ ಅವರ ಕೈಬಿಡದೆ ಜೊತೆಯಲ್ಲೇ ಹೋಗಿ ಮಡಿದರು.

ಅನುಮೋದನೆಯೂ ಹಿಂಸೆಯೆಂದು ಕಲಿತ ಮಗು, ನೆರೆಯವರೇಕೆ ಸುಮ್ಮನಿದ್ದರೆಂದು ಕೇಳಿಯೇ ಕೇಳುತ್ತದೆ. ಹಲವರು ಅಂಜಿದರು, ಕೆಲವರು ಮೆಚ್ಚಿದರು, ಕೆಲವರು ಪ್ರಾಣವನ್ನೊಡ್ಡಿ ಮಕ್ಕಳನ್ನು ಬಚ್ಚಿಟ್ಟರೆಂದು ಇದ್ದಂತೆಯೇ ಹೇಳತಕ್ಕದ್ದು.