ಹೇಳಿಕೊಳ್ಳದವರ ಲೆಕ್ಕ

ರಷ್ಯಾದಲ್ಲಿ ಎಚ್‌ಐವಿ ಪರೀಕ್ಷೆಗೆ ಬಂದವರನ್ನು ಗುಂಪುಗಳಾಗಿ ವಿಂಗಡಿಸಿ, ಫಾರಂ ಮೇಲೆ ಒಂದು ಸಂಖ್ಯೆ ಹಾಕುವ ಪದ್ಧತಿಯಿದೆ. ಮಾದಕವಸ್ತು ಬಳಸುವವರಿಗೆ 102, ಗಂಡಸರೊಡನೆ ಸಂಬಂಧವಿರುವ ಗಂಡಸರಿಗೆ 103. ಫಾರಂ ಮೇಲೆ 103 ಬೀಳಬೇಕಾದರೆ ಬಂದವನು ಗುರುತಿಲ್ಲದ ವೈದ್ಯರೆದುರು ಬಾಯಿಬಿಡಬೇಕು. ಅಧಿಕೃತ ಲೆಕ್ಕದಲ್ಲಿ ಈ ಗುಂಪಿನ ಪಾಲು ಹಿಂದಿನಿಂದಲೂ ತೀರ ಸಣ್ಣದು. ಆ ಅಂಕಿ ಅಳೆಯುತ್ತಿರುವುದು ಸೋಂಕನ್ನೋ, ಭಯವನ್ನೋ? ಏಡ್ಸ್ ತಡೆಯುವ ಕೆಲಸ ನಿಂತಿರುವುದೇ ಜನ ನಂಬಿ ಹೇಳಿಕೊಳ್ಳುವುದರ ಮೇಲೆ. ಹಾಗಾಗಿ ಸಲಿಂಗಿಗಳ ಹಕ್ಕು ಬೇರೆ, ಆರೋಗ್ಯ ಬೇರೆ ಎಂದು ಗೆರೆ ಎಳೆಯಲು ಬರುವುದಿಲ್ಲ. ಆದರೆ ಆರೋಗ್ಯವನ್ನೇ ಹಕ್ಕಿನ ಬುನಾದಿ ಮಾಡಿಕೊಳ್ಳುವುದೂ ಅಪಾಯವೇ.

1917ರ ಕ್ರಾಂತಿ ಜಾರ್ ಕಾಲದ ದಂಡಸಂಹಿತೆಯನ್ನು ಕಿತ್ತೊಗೆದಾಗ ಸಲಿಂಗಕಾಮದ ಅಪರಾಧವೂ ಅದರೊಂದಿಗೆ ಹೋಯಿತು. 1934ರಲ್ಲಿ ಸ್ಟಾಲಿನ್ ಸರ್ಕಾರ ಅದನ್ನು ಮರಳಿ ತಂದಿತು. ಮುಂದೆ ಕಲಂ 121 ಎಂದು ಕುಖ್ಯಾತವಾದ ಈ ಕಾನೂನಿನಡಿ ಗಂಡಸರಿಗೆ 5 ವರ್ಷದವರೆಗೆ ಸೆರೆ. 1980ರ ದಶಕದ ಕೊನೆಯಲ್ಲಿ ಎಚ್‌ಐವಿ ಬಂದಾಗ, ವೈದ್ಯರಿಗೆ ನಿಜ ಹೇಳುವುದೆಂದರೆ ಅಪರಾಧ ಒಪ್ಪಿಕೊಳ್ಳುವುದು, ಜೊತೆಗಾರನ ಹೆಸರನ್ನೂ ಕೊಡುವುದು ಎಂದಾಗಿತ್ತು. ಆಗ ಇದು 'ಅಂಥವರ' ಕಾಯಿಲೆಯೆಂಬ ಮಾತು ಎಲ್ಲೆಡೆಯಿತ್ತು. ಅದೇ ಹೊತ್ತಿಗೆ ಕಲ್ಮಿಕಿಯಾದ ಎಲಿಸ್ತಾ ಪಟ್ಟಣದ ಮಕ್ಕಳ ಆಸ್ಪತ್ರೆಯಲ್ಲಿ ಸರಿಯಾಗಿ ಶುದ್ಧೀಕರಿಸದೆ ಮತ್ತೆ ಮತ್ತೆ ಬಳಸಿದ ಸಿರಿಂಜುಗಳಿಂದ 70ಕ್ಕೂ ಹೆಚ್ಚು ಮಕ್ಕಳಿಗೆ ಸೋಂಕು ತಗುಲಿತು. 1990ರ ಹೊತ್ತಿಗೆ ಯೆವ್ಗೆನಿಯಾ ದೆಬ್ರಿಯಾನ್ಸ್ಕಾಯಾ, ರೊಮಾನ್ ಕಾಲಿನಿನ್ ಮೊದಲಾದವರು ಬಹಿರಂಗವಾಗಿ ಸಲಿಂಗಿಗಳ ಸಂಘ ಕಟ್ಟಿದರು, 'ತೆಮಾ' ಪತ್ರಿಕೆ ಹೊರಟಿತು. 1993ರಲ್ಲಿ ಕಲಂ 121 ಬಿದ್ದುಹೋಯಿತು, ದೊಡ್ಡ ಸಾರ್ವಜನಿಕ ಚರ್ಚೆಯೇ ಇಲ್ಲದೆ. ಚರ್ಚೆಯಿಲ್ಲದೆ ಸಿಕ್ಕಿದ್ದು ಚರ್ಚೆಯಿಲ್ಲದೆ ಹೋಗಲೂಬಹುದು ಎಂಬುದು ಆಗ ಯಾರಿಗೂ ಹೊಳೆದಂತಿಲ್ಲ.

ರಷ್ಯಾದಲ್ಲಿ ಸೋಂಕು ಹಬ್ಬಿದ್ದು ಮುಖ್ಯವಾಗಿ ಮಾದಕವಸ್ತುವಿನ ಸಿರಿಂಜಿನಿಂದ, ಆಮೇಲೆ ಗಂಡುಹೆಣ್ಣಿನ ಸಂಬಂಧದಿಂದ. ಇದರಲ್ಲಿ ಸಲಿಂಗಿಗಳ ಹಕ್ಕಿನ ಮಾತೇಕೆ ಎಂದು ಕೇಳುವವರಿದ್ದಾರೆ. ಅವರ ಮಾಹಿತಿ ನಿಜ, ತೀರ್ಮಾನ ಮಾತ್ರ ಸರಿಯಲ್ಲ. ಸಿರಿಂಜು ಬಳಸುವವರನ್ನು ಚಿಕಿತ್ಸೆಯತ್ತ ತರುವ ಬದಲಿ ಔಷಧ ಮೆಥಡೋನ್ ಅಲ್ಲಿ ನಿಷಿದ್ಧ. 2014ರಲ್ಲಿ ಕ್ರೈಮಿಯಾ ರಷ್ಯಾದ ಕೈವಶವಾದೊಡನೆ ಅಲ್ಲಿನ ಸುಮಾರು 800 ಮಂದಿಯ ಮೆಥಡೋನ್ ನಿಂತುಹೋಯಿತು. ಮಾಸ್ಕೋದ ಬೀದಿಗಳಲ್ಲಿ ಶುದ್ಧ ಸಿರಿಂಜು ಹಂಚುತ್ತಿದ್ದ ಆಂದ್ರೇ ರಿಲ್ಕೋವ್ ಪ್ರತಿಷ್ಠಾನಕ್ಕೆ 2016ರಲ್ಲಿ 'ವಿದೇಶಿ ಏಜೆಂಟ್' ಎಂಬ ಪಟ್ಟ ಸಿಕ್ಕಿತು. ಹೇಸಿಗೆ ಒಂದೇ, ಅದು ಬೀಳುವ ಗುಂಪುಗಳಷ್ಟೇ ಬೇರೆ. ಇನ್ನು ಇದೆಲ್ಲ ಪಶ್ಚಿಮದಿಂದ ಬಂದ ಗೀಳು, ನಮ್ಮ ಸಂಪ್ರದಾಯವಲ್ಲ ಎನ್ನುವ ವಾದ. 1716ರಲ್ಲಿ ಪೀಟರ್ ದೊರೆ ಸೈನಿಕರಿಗೆ ಹೇರಿದ ಸಲಿಂಗಕಾಮದ ನಿಷೇಧವೂ ಪಶ್ಚಿಮದ ಸೇನಾ ಸಂಹಿತೆಗಳನ್ನು ನೋಡಿ ಬರೆದದ್ದು. ಹುಟ್ಟೂರು ಕೇಳಿ ತೀರ್ಪು ಕೊಡುವುದಾದರೆ ನಿಷೇಧವೇ ಮೊದಲು ಗಂಟುಮೂಟೆ ಕಟ್ಟಬೇಕು.

ಹಾಗಾದರೆ ಸೋಂಕು ತಡೆಯಲೆಂದೇ ಹಕ್ಕು ಕೊಡಿ ಎನ್ನೋಣವೇ? ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ನಮ್ಮ ಭಾರತದ ಕಲಂ 377ರ ಕಥೆ ಇಲ್ಲಿ ಪಾಠ. 2001ರಲ್ಲಿ ನಾಜ್ ಪ್ರತಿಷ್ಠಾನ ಈ ಕಲಂ ತನ್ನ ಏಡ್ಸ್ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೆಂದು ಹೈಕೋರ್ಟ್‌ಗೆ ಹೋಯಿತು, 2009ರಲ್ಲಿ ಗೆದ್ದಿತು; 2013ರಲ್ಲಿ ಸುಪ್ರೀಂ ಕೋರ್ಟ್ ಈ ಜನರ ಸಂಖ್ಯೆ ತೀರ ಕಡಿಮೆಯೆಂದೂ ಎತ್ತಿ ಹೇಳಿ ಆ ಗೆಲುವನ್ನು ಅಳಿಸಿತು. ಉಪಯೋಗದ ತಕ್ಕಡಿಗೆ ಹಕ್ಕನ್ನು ಹಾಕಿದರೆ ಎದುರು ತಟ್ಟೆಗೆ ಅಂಕಿ ಬಂದು ಕೂರುವುದು ಸಹಜ. ರಷ್ಯಾದ ಲೆಸ್ಬಿಯನ್ ಹೆಂಗಸರನ್ನು ನೋಡಿ: ಕಲಂ 121 ಅವರನ್ನು ಮುಟ್ಟಲಿಲ್ಲ, ಮನೋವೈದ್ಯರು ಮುಟ್ಟಿದರು. ಮುಂದೆ ಏಡ್ಸ್ ಹೆಸರಿನ ಅನುದಾನಗಳಲ್ಲಿ ಅವರಿಗೆ ಹೆಚ್ಚು ಜಾಗವಿರಲಿಲ್ಲ, ಏಕೆಂದರೆ ಅವರಿಂದ ಸೋಂಕು ಹರಡುವುದು ತೀರ ವಿರಳವಾಗಿತ್ತು.

ವ್ಯವಹಾರ ಬಲ್ಲವರದು ಕೊನೆಯ ಆಕ್ಷೇಪ: ಬಾವುಟ ಬೇಡ, ಸದ್ದಿಲ್ಲದೆ ಕಾಂಡೋಮ್ ಹಂಚಿ, ಜೀವ ಉಳಿಸಿ. ಇದನ್ನು ಹಗುರಾಗಿ ತಳ್ಳಿಹಾಕಲಾಗದು. ಹಾಗೆ ಉಳಿದ ಜೀವಗಳಿವೆ. ಆದರೆ ರಷ್ಯಾದಲ್ಲಿ 2013ರಲ್ಲಿ ಅಪ್ರಾಪ್ತರ ಹೆಸರಿನಲ್ಲಿ ಬಂದ ಸಲಿಂಗ ಸಂಬಂಧದ 'ಪ್ರಚಾರ' ನಿಷೇಧ 2022ರಲ್ಲಿ ಎಲ್ಲ ವಯಸ್ಸಿನವರಿಗೂ ಹಬ್ಬಿತು. ಇಬ್ಬರು ಗಂಡಸರ ನಡುವಿನ ಸುರಕ್ಷತೆಯನ್ನು ವಿವರಿಸುವ ಕರಪತ್ರ ಎಚ್ಚರಿಕೆಯೋ ಪ್ರಚಾರವೋ ಎಂದು ಹಂಚುವವನೇ ಊಹಿಸಿಕೊಳ್ಳಬೇಕು. ಅಳುಕಿದವನು ಕಟ್ಟನ್ನೇ ಬಿಸಾಕುತ್ತಾನೆ. 2023ರ ನವೆಂಬರ್ 30ರಂದು ರಷ್ಯಾದ ಸುಪ್ರೀಂ ಕೋರ್ಟ್ ಬಾಗಿಲು ಮುಚ್ಚಿದ ವಿಚಾರಣೆಯಲ್ಲಿ 'ಅಂತರರಾಷ್ಟ್ರೀಯ ಎಲ್‌ಜಿಬಿಟಿ ಚಳವಳಿ'ಯನ್ನು ಉಗ್ರವಾದಿಯೆಂದು ಸಾರಿತು. ಆ ಹೆಸರಿನ ಸಂಸ್ಥೆಯೇ ಇಲ್ಲ, ಸದಸ್ಯರ ಪಟ್ಟಿಯೂ ಇಲ್ಲ. ಹೀಗಾಗಿ ಯಾರನ್ನು ಬೇಕಾದರೂ ಅದರ ಸದಸ್ಯರೆನ್ನಬಹುದು, ಇಷ್ಟು ವರ್ಷ ಸದ್ದಿಲ್ಲದೆ ಕಾಂಡೋಮ್ ಹಂಚಿದವರನ್ನೂ.